ಮುಯ್ಯಾಳು ಕಟ್ಟಿದ ಮನೆಯ ವಿಮೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮೂರಿನಲ್ಲಿ ಬೇರೆಯವರು ಈ ಕಥೆ ಹೇಳುವಾಗ ತಪ್ಪನ್ನು ಕಂಪನಿಯ ತಲೆಗೆ ಕಟ್ಟುತ್ತಾರೆ, ಇಲ್ಲವೇ ಗಾಳಿಯ ತಲೆಗೆ. ಗಾಳಿ ತನ್ನ ಕೆಲಸ ಮಾಡಿತು. ಕಂಪನಿ ಕಾಗದದಲ್ಲಿ ಬರೆದದ್ದನ್ನು ಓದಿತು. ಆ ಕಾಗದ ಬರೆದವಳು ನಾನು, ಒನೋರೀನ್, ಇಪ್ಪತ್ತಾರು ವರ್ಷಗಳಿಂದ ನಮ್ಮ ಪುಟ್ಟ ದ್ವೀಪದ ಆನ್ಸ್ ರೂಜ್ ಊರಿನ ವಿಮೆ ಏಜೆಂಟು.

ಪ್ರತಿ ವರ್ಷ ಮೇ ತಿಂಗಳಲ್ಲಿ, ಗಾಳಿಗಾಲ, ಅಂದರೆ ಚಂಡಮಾರುತಗಳ ಕಾಲ, ಶುರುವಾಗುವ ಮೊದಲು, ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋಗುತ್ತೇನೆ. ನಾನು ದಿಬ್ಬ ಹತ್ತುವುದು ಕಂಡರೆ ಕಿಟಕಿಗಳಲ್ಲಿ "ಬಂದಳಪ್ಪ ಮಿಸ್ ಪಾಲಿಸಿ" ಎನ್ನುತ್ತಾರೆ. ನನಗೆ ಕೇಳಿಸಲಿ ಎಂದೇ ಹೇಳುತ್ತಾರೆ. ನಾನೂ ಬಿಡುವವಳಲ್ಲ. ಸೂರಿನ ಮೇಲೆ ಬಾಗಿದ ದೀವಿಹಲಸಿನ ಕೊಂಬೆ ಕಡಿಸಿದಿರಾ, ಪಕಾಸಿಗೂ ಗೋಡೆಗೂ ಕಬ್ಬಿಣದ ಪಟ್ಟಿ ಬಿಗಿಸಿದಿರಾ, ಆಸ್ತಿಪತ್ರ ಪಾಲಿಸಿ ಎಲ್ಲ ಬಿಗಿ ಮುಚ್ಚಳದ ಖಾಲಿ ಪೇಂಟಿನ ಡಬ್ಬದಲ್ಲಿಟ್ಟಿರಾ ಎಂದು ಒಂದೊಂದಾಗಿ ಕೇಳುತ್ತೇನೆ. ಕಿಟಕಿಗೆ ಹೊಡೆಯುವ ಹಲಗೆಗಳಿಗೆ ಈಗಲೇ ನಂಬರು ಬರೆದಿಡಿ, ಗಾಳಿ ಬಂದ ದಿನ ಯಾವ ಹಲಗೆ ಯಾವ ಕಿಟಕಿಗೆ ಎಂದು ಗಂಡ ಹೆಂಡತಿ ಕಿತ್ತಾಡಬೇಡಿ ಎನ್ನುತ್ತೇನೆ. ಪ್ರತಿ ಕೋಣೆಯ ಫೋಟೋ ತೆಗೆಸುತ್ತೇನೆ. ಹೂಂ ಹೂಂ ಎಂದು ತಲೆಯಾಡಿಸಿ, ಕೋಕೋ ಟೀ ಕುಡಿಸಿ ಕಳಿಸುತ್ತಾರೆ. ಅರ್ಧ ಜನ ಮಾಡುತ್ತಾರೆ, ಅರ್ಧ ಜನ ಮಾಡುವುದಿಲ್ಲ.

ಚರ್ಚಿನ ಹಾಲಿನಲ್ಲಿ ಜನ ಸೇರಿಸಿ ಒಂದು ಮಾತನ್ನು ವರ್ಷ ವರ್ಷವೂ ಹೇಳುತ್ತಿದ್ದೆ. ಮನೆಯನ್ನು ಇವತ್ತು ಮೊದಲಿನಿಂದ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೂ ವಿಮೆ ಮಾಡಿಸಬೇಕು. ಅದರ ಅರ್ಧಕ್ಕೆ ಮಾಡಿಸಿದರೆ, ನಾಳೆ ಬರೀ ಸೂರು ಹಾರಿಹೋದರೂ ಕಂಪನಿ ಕೊಡುವುದು ಸೂರಿನ ಅರ್ಧ ದುಡ್ಡು ಮಾತ್ರ. ಕಾಗದದಲ್ಲಿ ಇದಕ್ಕೆ ಸರಾಸರಿ ಷರತ್ತು ಎಂದು ಹೆಸರು. ಹಾಗೆ ಹೇಳಿದ ಇದೇ ಬಾಯಿ, ಅಲ್ಬರ್ಟೀನಳ ಮನೆಯ ಅಂಗಳದಲ್ಲಿ ಕೂತಾಗ ತಪ್ಪು ಪ್ರಶ್ನೆ ಕೇಳಿತು.

ಅಲ್ಬರ್ಟೀನಳ ಮಗಳಿಗೆ ನಾನು ಜ್ಞಾನಸ್ನಾನದ ತಾಯಿ. ಹಾಗಾಗಿ ನಾವು ಒಬ್ಬರನ್ನೊಬ್ಬರು ಮಕೊಮೆ ಎಂದು ಕರೆಯುತ್ತೇವೆ, ಅಂದರೆ ಒಂದೇ ಮಗುವಿನ ಇಬ್ಬರು ತಾಯಂದಿರು. ಅವಳದು ಊರಿನ ಏಕೈಕ ಬೇಕರಿ. ಮುಂದೆ ಅಂಗಡಿ, ನಡುವೆ ಇಟ್ಟಿಗೆ ಒಲೆ, ಹಿಂದೆ ಮನೆ, ಎಲ್ಲಕ್ಕೂ ಸೇರಿ ಒಂದೇ ಸೂರು. ಗಂಡ ತೀರಿಕೊಂಡ ಮೇಲೆ ಅವಳೂ ಇಬ್ಬರು ಕೆಲಸದ ಹೆಂಗಸರೂ ಸೇರಿ ಅದನ್ನು ನಡೆಸುತ್ತಿದ್ದರು. ಮನೆ ಕಟ್ಟಿ ಹನ್ನೊಂದು ವರ್ಷ. ಕಟ್ಟಿದ್ದು ನಮ್ಮ ಕಡೆ ಎಲ್ಲರ ಮನೆ ಕಟ್ಟುವ ಹಾಗೆಯೇ, ಮುಯ್ಯಾಳಿನಿಂದ. ಕುದ್‌ಮೆ ಎನ್ನುತ್ತೇವೆ ನಾವು. ಶನಿವಾರ ಬೆಳಿಗ್ಗೆ ಊರಿನವರು ಬರುತ್ತಾರೆ, ಮನೆಯವರು ದೊಡ್ಡ ಹಂಡೆಯಲ್ಲಿ ಸಾರು ಕಾಯಿಸುತ್ತಾರೆ, ಸಂಜೆಯೊಳಗೆ ಒಂದು ಗೋಡೆ ಏಳುತ್ತದೆ. ಇವರ ಮನೆಗೆ ಅವರು, ಅವರ ಮನೆಗೆ ಇವರು. ಕೂಲಿಯ ಮಾತೇ ಇಲ್ಲ. ಅಲ್ಬರ್ಟೀನಳ ಮನೆಗೆ ಹದಿನಾಲ್ಕು ಶನಿವಾರ ಹಿಡಿಯಿತು. ಹೊಳೆಬಾಯಿಯಿಂದ ಮರಳನ್ನು ತಲೆ ಮೇಲೆ ಹೊತ್ತವರಲ್ಲಿ ನಾನೂ ಒಬ್ಬಳು. ನಿಂತು ಕಟ್ಟಿಸಿದವನು ತೆಲೆಮಾಕ್ ಮೇಸ್ತ್ರಿ.

ಪಾಲಿಸಿ ಬರೆಯುವ ದಿನ ನಾನು ಕೇಳಿದ್ದು ಇಷ್ಟೇ, ಮನೆಗೆ ಎಷ್ಟಾಯ್ತು ಮಕೊಮೆ ಎಂದು. ಅವಳು ಬಿಲ್ಲುಗಳನ್ನೆಲ್ಲ ತಂದು ಮುಂದೆ ಸುರಿದಳು. ಸಿಮೆಂಟು, ಕಬ್ಬಿಣ, ಮರ, ತಗಡು. ಇಬ್ಬರೂ ಕೂತು ಕೂಡಿದೆವು, ನಾನು ಬರೆದೆ. ಸಾಮಾನಿನ ಬೆಲೆ ಏರಿದ ಹಾಗೆ ವರ್ಷ ವರ್ಷ ಮೊತ್ತವನ್ನೂ ಏರಿಸುತ್ತ ಬಂದೆ, ಅದರಲ್ಲಿ ಚೂರೂ ಉದಾಸೀನ ಮಾಡಲಿಲ್ಲ. ಕೊನೆಗೆ ಅದು ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರಿಗೆ ನಿಂತಿತು. ಹದಿನಾಲ್ಕು ಶನಿವಾರಗಳ ದುಡಿಮೆಗೂ ಒಂದು ಬೆಲೆ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ತಲೆ ಮೇಲೆ ನಾನು ಹೊತ್ತ ಮರಳಿಗೆ ನಾನು ಯಾವತ್ತು ಬೆಲೆ ಕಟ್ಟಿದ್ದೆ?

ಇನ್ನೊಂದು ಸಂಗತಿ ಹೇಳಬೇಕು. ನಾಲ್ಕು ವರ್ಷದ ಹಿಂದೆ ತೆಲೆಮಾಕ್ ಮೇಸ್ತ್ರಿ ತನ್ನ ಮನೆಯ ಹಿಂದೆ ಒಂದು ಕೋಣೆ ಎಬ್ಬಿಸಲು ಊರನ್ನು ಕರೆದ. ನಲವತ್ತು ವರ್ಷ ಊರಿಗೆಲ್ಲ ಮನೆ ಕಟ್ಟಿಕೊಟ್ಟವನು, ತನಗೆಂದು ಕರೆದದ್ದು ಅದೇ ಮೊದಲು. ಅಲ್ಬರ್ಟೀನ್ ಬರಲಿಲ್ಲ. ಬಾರದಿದ್ದರೆ ಜ್ವರ ಬಂತು, ಮಗಳು ಬಂದಳು ಎಂದು ಏನೋ ಒಂದು ಹೇಳಿ ಮುಗಿಸಬಹುದಿತ್ತು. ಇವಳು ತನ್ನ ಬದಲು ಒಬ್ಬ ಕೂಲಿಯವನನ್ನು ಗೊತ್ತುಮಾಡಿ, ದಿನದ ಕೂಲಿ ಕೈಗೆ ಕೊಟ್ಟು ಕಳಿಸಿದಳು. ಮೇಸ್ತ್ರಿ ಅವನಿಗೆ ಒಂದು ಬಟ್ಟಲು ಸಾರು ಕುಡಿಸಿ, ಕೆಲಸ ಮುಟ್ಟಗೊಡದೆ ವಾಪಸು ಕಳಿಸಿದ. ಯಾರೂ ಯಾರಿಗೂ ಏನೂ ಅನ್ನಲಿಲ್ಲ. ಅವತ್ತಿನಿಂದ ದಾರಿಯಲ್ಲಿ ಎದುರಾದರೆ ಮೇಸ್ತ್ರಿ ಸಮುದ್ರ ನೋಡಲು ಶುರುಮಾಡಿದ, ಅಲ್ಬರ್ಟೀನ್ ಬೆಟ್ಟ ನೋಡಲು ಶುರುಮಾಡಿದಳು.

ಗಾಳಿ ಸೆಪ್ಟೆಂಬರಿನಲ್ಲಿ ಬಂತು. ಅದಕ್ಕೆ ಯಾರೋ ಒಂದು ಹೆಸರಿಟ್ಟಿದ್ದರು. ಸಾಕಿದ ಬೆಕ್ಕಿಗೆ ಇಡುವಂಥ ಹೆಸರು. ನಾನಂತೂ ಅದನ್ನು ಹೇಳುವುದಿಲ್ಲ. ಏಳು ಗಂಟೆ ಹೊತ್ತು ಚರ್ಚಿನ ನೆಲಮಾಳಿಗೆಯಲ್ಲಿ ಕೂತಿದ್ದೆವು. ಹೊರಗೆ ಬಂದಾಗ ಬೆಟ್ಟದಲ್ಲಿ ಒಂದು ಎಲೆ ಇರಲಿಲ್ಲ. ಅಲ್ಬರ್ಟೀನಳ ಗೋಡೆಗಳು ನಿಂತಿದ್ದವು, ಒಲೆಯೂ ಗಟ್ಟಿಯಾಗಿತ್ತು. ಸೂರು ಮಾತ್ರ ಮುಂದಿನಿಂದ ಹಿಂದಿನವರೆಗೆ ಪೂರ್ತಿ ಹೋಗಿತ್ತು. ಹಿಂಗೋಡೆಯ ಒಂದು ಮೂಲೆಯನ್ನೂ ಕಿತ್ತುಕೊಂಡೇ ಹೋಗಿತ್ತು. ಊರಿನವರು ಪೊರಕೆ ಗುದ್ದಲಿ ಹಿಡಿದು ಅವಳ ಮನೆ ಚೊಕ್ಕಟ ಮಾಡಲು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಮೊದಲು ಫೋಟೋ, ಆಮೇಲೆ ಪೊರಕೆ ಎಂದೆ. ಈ ಹೊತ್ತಲ್ಲೂ ಮಿಸ್ ಪಾಲಿಸಿಗೆ ಫೋಟೋ ಚಪಲ ಎಂದು ಯಾರೋ ಗೊಣಗಿದರು. ಗೊಣಗಲಿ. ಹಾಳಾದ ಹಿಟ್ಟಿನ ಮೂಟೆಗಳನ್ನು ಎಣಿಸಿ, ಕಲಸುವ ಯಂತ್ರದ ಒಳಗಿನ ಕೆಸರಿನದ್ದೂ ಫೋಟೋ ತೆಗೆದು, ಆಮೇಲೆ ದಾರಿ ಬಿಟ್ಟೆ.

ನಷ್ಟ ಅಳೆಯುವ ಸರ್ವೇಯರು ಬಂದದ್ದು ಐದು ವಾರದ ಮೇಲೆ, ಬಾರ್ಬಡೋಸಿನಿಂದ. ಹೆಸರು ಗಿಟನ್ಸ್. ಇಸ್ತ್ರಿ ಮಾಡಿದ ಅಂಗಿ, ಕೆಸರಾದ ಬೂಟು, ಮೆತ್ತಗಿನ ಮಾತು. ದಿನಕ್ಕೆ ಎಂಟು ಮನೆ ನೋಡಿ ನೋಡಿ ಅವನ ಕಣ್ಣು ಕೆಂಪಾಗಿತ್ತು. ಅಲ್ಬರ್ಟೀನ್ ಟಾರ್ಪಾಲಿನ ಕೆಳಗೆ ಒಲೆ ಹೊತ್ತಿಸಿ, ಕಂಡವರಿಂದ ತಂದ ಹಿಟ್ಟಿನಲ್ಲಿ ಬ್ರೆಡ್ಡು ಸುಡುತ್ತಿದ್ದಳು. ಅವನು ಅರ್ಧ ದಿನ ಅಳೆದ. ಹಿಟ್ಟು, ಯಂತ್ರದ ಪಟ್ಟಿಗೆ ತಕರಾರಿಲ್ಲದೆ ಸಹಿ ಹಾಕಿದ. ಫೋಟೋಗಳನ್ನು ನೋಡಿ, ಈ ದ್ವೀಪದಲ್ಲಿ ಇಷ್ಟು ಚೊಕ್ಕ ಕ್ಲೇಮು ನೋಡಿದ್ದು ಇದೇ ಮೊದಲು ಎಂದ. ನಾನು ಉಬ್ಬಿಹೋದೆ. ಆಮೇಲೆ ಅವನು ಕಟ್ಟಡದ ಹಾಳೆ ತಿರುಗಿಸಿದ.

"ಮಿಸ್ ಒನೋರೀನ್, ಈ ಮನೆ ಮೊದಲಿಂದ ಕಟ್ಟೋಕೆ ಇವತ್ತು ಎರಡು ಲಕ್ಷ ನಲವತ್ತು ಸಾವಿರ ಬೇಕು. ಪಾಲಿಸಿ ಇರೋದು ಒಂದು ಲಕ್ಷ ಇಪ್ಪತ್ತಕ್ಕೆ," ಎಂದ.

ಇದ್ದಕ್ಕಿದ್ದಂತೆ ಹೇಗೆ ಎರಡರಷ್ಟಾಯಿತು ಎಂದು ಕೇಳಿದೆ. ಅವನು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದ. ಅರ್ಧ ಸಾಮಾನು, ಅರ್ಧ ಕೂಲಿ. ಗಾಳಿ ಬಂದು ಹೋದ ಮೇಲೆ ಕೂಲಿ ಇನ್ನೂ ಏರಿದೆ ಎಂದ. ಇಪ್ಪತ್ತಾರು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ಕೂಲಿಯ ಜಾಗದಲ್ಲಿ ನಾನು ಏನೂ ಬರೆದಿರಲಿಲ್ಲ.

ಲೆಕ್ಕ ಸರಳವಾಗಿತ್ತು. ಸೂರು, ಅಟ್ಟ, ಹಿಂಗೋಡೆ ಸೇರಿ ನಷ್ಟ ಎಂಬತ್ತು ಸಾವಿರ. ಪಾಲಿಸಿ ಅರ್ಧಕ್ಕಿದೆ, ಆದ್ದರಿಂದ ಸಿಗುವುದು ನಲವತ್ತು. ನಲವತ್ತಕ್ಕೆ ಅರ್ಧ ಸೂರು ಹಾಕಬಹುದು. ಅರ್ಧ ಸೂರನ್ನು ಮುಂದಿನ ಗಾಳಿ ಊದಿ ಎಸೆಯುತ್ತದೆ, ಮತ್ತು ಅಂಥ ಮನೆಗೆ ಯಾವ ಕಂಪನಿಯೂ ಮತ್ತೆ ವಿಮೆ ಕೊಡುವುದಿಲ್ಲ. ಮೇ ತಿಂಗಳೊಳಗೆ ಪೂರ್ತಿ ಸೂರು ಏಳದಿದ್ದರೆ ಬೇಕರಿ ಮುಚ್ಚಿದ ಹಾಗೆಯೇ. ಅಲ್ಬರ್ಟೀನ್ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು.

"ಆಯ್ತು ಬಿಡು ಮಕೊಮೆ. ಸಮುದ್ರ ದಾಟಿ ಗ್ವಾಡಲೂಪಿಗೆ ಹೋಗ್ತೀನಿ. ಮಗಳ ಮನೇಲಿ ಮೊಮ್ಮಕ್ಕಳ ಮೂಗು ಒರೆಸ್ಕೊಂಡು ಬಿದ್ದಿರ್ತೀನಿ. ನನ್ನ ಅಳಿಯನಿಗೆ ಬ್ರೆಡ್ಡು ಬೇರೆ ಸೇರಲ್ಲ," ಎಂದಳು.

ನಗುತ್ತಲೇ ಹೇಳಿದಳು. ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಚೀಲವನ್ನು ಅಲ್ಲೇ ಮರೆತು ಗಿಟನ್ಸನ ಹಿಂದೆ ರಸ್ತೆಗೆ ಓಡಿದೆ. ತಪ್ಪು ನನ್ನದೆಂದು ಈಗಲೇ ಬರೆದುಕೊಡುತ್ತೇನೆ, ಏಜೆನ್ಸಿ ಹೋದರೆ ಹೋಗಲಿ, ಅವಳಿಗೆ ಪೂರ್ತಿ ಕೊಡಿಸಿ ಎಂದೆ. ಅವನು ಕಾರಿನ ಬಾಗಿಲು ಹಿಡಿದು ನಿಂತು ಯೋಚಿಸಿದ. ಹಾಗೆ ಬರೆದುಕೊಟ್ಟರೆ ಯಾರ ತಪ್ಪು ಎಂದು ವಕೀಲರು ಎರಡು ವರ್ಷ ಮಾತಾಡುತ್ತಾರೆ, ಅಷ್ಟರಲ್ಲಿ ಟಾರ್ಪಾಲು ಹರಿದಿರುತ್ತದೆ ಎಂದ. ಷರತ್ತಿನಲ್ಲಿ ಇರುವುದು ಮನೆ ಮತ್ತೆ ಕಟ್ಟಲು ಎಷ್ಟು ಖರ್ಚಾಗುತ್ತದೆ ಎಂಬುದು ಮಾತ್ರ. ತಾನು ಹಾಕಿದ್ದು ಪಟ್ಟಣದ ಕಂಟ್ರಾಕ್ಟರರ ದರ ಎಂದೂ ಹೇಳಿದ. ಇಲ್ಲಿ ನಿಜವಾಗಿ ಕಟ್ಟುವ ಮೇಸ್ತ್ರಿ ಯಾರಾದರೂ ಬೇರೆ ಅಂದಾಜು ಕೊಟ್ಟರೆ ನೋಡುತ್ತೇನೆ, ಸೋಮವಾರದವರೆಗೆ ದ್ವೀಪದಲ್ಲಿರುತ್ತೇನೆ ಎಂದ.

ಆನ್ಸ್ ರೂಜಿನಲ್ಲಿ ಮೇಸ್ತ್ರಿ ಅಂದರೆ ಒಬ್ಬನೇ. ಆ ಸಂಜೆಯೇ ಅವನ ಮನೆಗೆ ಹೋದೆ. ಅವನ ಮನೆಯ ಸೂರೂ ಮುಕ್ಕಾಲು ಹಾರಿಹೋಗಿತ್ತು. ಆ ಮನೆಗೆ ವಿಮೆ ಇರಲಿಲ್ಲ, ಇಪ್ಪತ್ತಾರು ವರ್ಷ ನಾನು ಬಾಗಿಲು ತಟ್ಟಿದರೂ ಮಾಡಿಸಿರಲಿಲ್ಲ. ಸರ್ಕಾರ ಕೊಟ್ಟ ತಗಡಿನ ಹಾಳೆಗಳು ಅಂಗಳದಲ್ಲಿ ಕಟ್ಟು ಬಿಚ್ಚದೆ ಬಿದ್ದಿದ್ದವು. ಎಪ್ಪತ್ತು ದಾಟಿದ ಮುದುಕ ಮೆಟ್ಟಿಲ ಮೇಲೆ ಕೂತು ಸೊಟ್ಟಗಾದ ಮೊಳೆಗಳನ್ನು ಕಲ್ಲಿನ ಮೇಲೆ ಕುಟ್ಟಿ ನೆಟ್ಟಗೆ ಮಾಡುತ್ತಿದ್ದ. ನಾನು ಎಲ್ಲ ಹೇಳಿದೆ. ಮನೆಯನ್ನು ಮುಯ್ಯಾಳಿನಲ್ಲಿ ಕಟ್ಟುತ್ತೇವೆ, ಕೂಲಿ ಇಲ್ಲ ಎಂದು ಅವನೊಬ್ಬ ಬರೆದುಕೊಟ್ಟರೆ ಸಾಕು, ಆಗ ಕಟ್ಟುವ ಖರ್ಚೂ ಪಾಲಿಸಿಯ ಮೊತ್ತವೂ ಒಂದೇ ಆಗುತ್ತದೆ, ಅರ್ಧ ಮುರಿಯುವ ಮಾತೇ ಬರುವುದಿಲ್ಲ ಎಂದೆ. ಅವನು ಇನ್ನೂ ನಾಲ್ಕು ಮೊಳೆ ಕುಟ್ಟಿದ.

"ಮನೆ ನಿಂದೋ, ಅವಳದ್ದೋ?" ಎಂದು ಕೇಳಿದ.

ಅಷ್ಟೇ. ಮರುದಿನ ಬೆಳಿಗ್ಗೆ ನಾನು ಅಲ್ಬರ್ಟೀನಳ ಮುಂದೆ ಕೂತು, ನೀನೇ ಹೋಗಿ ಕೇಳು ಎಂದು ಗೋಗರೆದೆ. ಅವಳು ಒಪ್ಪಲಿಲ್ಲ. ಆ ಮುದುಕನ ಮೆಟ್ಟಿಲ ಕೆಳಗೆ ನಿಂತು ಬೇಡುವುದಕ್ಕಿಂತ ಅಳಿಯನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು ಮೇಲು ಎಂದಳು. ಹಾಗಾದರೆ ಅವತ್ತು ಯಾಕೆ ಕೂಲಿಯವನನ್ನು ಕಳಿಸಿದೆ ಎಂದು ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದೆ. ಅವಳು ಹಿಟ್ಟನ್ನು ಬೇಕಾದ್ದಕ್ಕಿಂತ ಜೋರಾಗಿ ನಾದಿದಳು. ನಾನೂ ಸಿಟ್ಟಿನವಳೇ. ನಿನ್ನ ಬಿಗುಮಾನಕ್ಕೆ ಆ ಇಬ್ಬರು ಹೆಂಗಸರು ಯಾಕೆ ಕೆಲಸ ಕಳೆದುಕೊಳ್ಳಬೇಕು ಎಂದು ಬೈದು ಎದ್ದುಬಂದೆ. ಬೈದದ್ದು ಅವಳನ್ನೋ ನನ್ನನ್ನೋ ನನಗೇ ಗೊತ್ತಿರಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ನೇರ ಮನೆಗೆ ಹೋಗದೆ ಮೇಲಿನ ದಾರಿ ಹಿಡಿದದ್ದು ಕಂಡಿತು. ನಾನು ಕರೆಸಿಕೊಳ್ಳದೆ ಹಿಂದೆ ಹೋದೆ. ಮೇಸ್ತ್ರಿ ಅದೇ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಕೆಳಗೆ ನಿಂತಳು, ಚರ್ಚಿನ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಳು. ಬೆಟ್ಟ ನೋಡಲಿಲ್ಲ.

"ಮೇಸ್ತ್ರಿ, ಮಿಸ್ ಒನೋರೀನ್ ಹೇಳಿದ್ದೆಲ್ಲ ನಿಜ. ನೀವು ಬರೆದುಕೊಟ್ರೆ ನನ್ನ ಸೂರು ಏಳತ್ತೆ, ಇಲ್ದಿದ್ರೆ ಇಲ್ಲ," ಎಂದಳು.

"ಅವತ್ತು ಕಳಿಸಿದ್ಯಲ್ಲ ಒಬ್ಬನ್ನ. ಅವನಿಗೆ ಎಷ್ಟು ಕೊಟ್ಟೆ?"

"ತೊಂಬತ್ತು ಡಾಲರು."

"ಹಾಗಾದ್ರೆ ಬಾರ್ಬಡೋಸಿನೋನಿಗೆ ಅದನ್ನೇ ಹೇಳು. ನಮ್ಮೂರಲ್ಲಿ ಒಂದು ಆಳಿಗೆ ದಿನಕ್ಕೆ ತೊಂಬತ್ತು. ರೇಟು ನೀನೇ ಕಟ್ಟಿದ್ದು, ನಾನಲ್ಲ."

ನನ್ನ ಬಾಯಿಗೆ ಮಾತು ಬಂದಿತ್ತು, ತಡೆದುಕೊಂಡೆ. ನಮ್ಮೂರಲ್ಲೂ ಕೂಲಿಗೆ ದರವಿದೆ ಎಂದು ಒಪ್ಪಿಕೊಂಡರೆ ಗಿಟನ್ಸ್ ತನ್ನ ಹಾಳೆಯನ್ನೇ ಹಿಡಿಯುತ್ತಾನೆ, ಅಲ್ಬರ್ಟೀನ್ ಗಂಟು ಕಟ್ಟಿಕೊಂಡು ಗ್ವಾಡಲೂಪಿನ ದೋಣಿ ಹತ್ತಬೇಕು. ಅವಳು ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತುತ್ತ ನಿಂತಿದ್ದಳು. ಆಮೇಲೆ ಅವಳು ಹೇಳಿದ್ದನ್ನು ನಾನು ಅವಳ ಬಾಯಿಂದ ಹಿಂದೆಂದೂ ಕೇಳಿರಲಿಲ್ಲ.

"ಅವತ್ತು ನನಗೆ ಸೊಕ್ಕು, ಮೇಸ್ತ್ರಿ. ಶನಿವಾರ ಅಂಗಡೀಲಿ ನಾಲ್ಕುನೂರು ಡಾಲರು ವ್ಯಾಪಾರ ಆಗ್ತಿತ್ತು. ತೊಂಬತ್ತು ಕೊಟ್ಟು ಒಬ್ಬನ್ನ ಕಳಿಸಿದ್ರೆ ನನಗೆ ಮುನ್ನೂರ ಹತ್ತು ಉಳೀತು ಅಂದ್ಕೊಂಡೆ. ಜಾಣೆ ಅಂದ್ಕೊಂಡೆ ನನ್ನನ್ನ ನಾನೇ. ನಿಮ್ಮ ಹದಿನಾಲ್ಕು ಶನಿವಾರ ನನ್ನ ಲೆಕ್ಕಕ್ಕೇ ಬರಲಿಲ್ಲ."

ಮೇಸ್ತ್ರಿ ಎದ್ದು ನಿಂತ. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸೋಮವಾರ ಬೆಳಿಗ್ಗೆ ಅಳೆಯುವ ಟೇಪು ತಗೊಂಡು ಬರ್ತೀನಿ ಎಂದಷ್ಟೇ ಹೇಳಿ ಒಳಗೆ ಹೋದ. ಬಂದು ಏನು ಬರೆಸುತ್ತಾನೆಂದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಇಳಿಜಾರಿನಲ್ಲಿ ಇಳಿಯುವಾಗ ಅವಳು ನನ್ನ ತೋಳು ಹಿಡಿದುಕೊಂಡಳು.

ಸೋಮವಾರ ಗಿಟನ್ಸ್ ಎಂಟಕ್ಕೆ ಬಂದ. ಮೇಸ್ತ್ರಿ ಏಳಕ್ಕೇ ಬಂದು ಮನೆಯ ಸುತ್ತ ಎರಡು ಸುತ್ತು ಹಾಕಿದ್ದ. ಮನೆ ಮೊದಲಿಂದ ಕಟ್ಟಲು ಬೇಕಾಗುವ ಸಾಮಾನನ್ನು ಒಂದೊಂದಾಗಿ ಬರೆಸಿದ. ಅಡಿಪಾಯದ ಕಲ್ಲು, ಸಿಮೆಂಟಿನ ಚೀಲ, ತೊಲೆ, ಪಕಾಸಿ, ರೀಪರು, ತಗಡು. ತಗಡಿಗೆ ಮೊಳೆ ಅಲ್ಲ ಸ್ಕ್ರೂ, ಪ್ರತಿ ಪಕಾಸಿಗೂ ಎರಡು ಕಬ್ಬಿಣದ ಪಟ್ಟಿ, ಸೂರಿನ ಅಂಚು ಗೋಡೆಯಿಂದ ಗೇಣಿಗಿಂತ ಹೆಚ್ಚು ಹೊರಗೆ ಚಾಚಬಾರದು, ಚಾಚಿದರೆ ಗಾಳಿ ಅಲ್ಲೇ ಕೈ ಹಾಕುತ್ತದೆ ಎಂದ. ಗಿಟನ್ಸ್ ಬರೆಯುತ್ತ ಬರೆಯುತ್ತ ಮೆಚ್ಚಿಕೊಂಡು ತಲೆಯೆತ್ತಿ ನೋಡಿದ. ಸಾಮಾನೆಲ್ಲ ಕೂಡಿದರೆ ಒಂದು ಲಕ್ಷ ಹದಿನೆಂಟು ಸಾವಿರವಾಯಿತು. ನಾನು ಪಾಲಿಸಿಯಲ್ಲಿ ಬರೆದ ಮೊತ್ತಕ್ಕಿಂತ ಎರಡು ಸಾವಿರ ಕಡಿಮೆ. ಆಮೇಲೆ ಗಿಟನ್ಸ್ ಪೆನ್ನನ್ನು ಕೂಲಿಯ ಸಾಲಿಗೆ ತಂದು ನಿಲ್ಲಿಸಿದ.

"ಸೊನ್ನೆ ಅಂತ ಬರೀಲಾ?" ಎಂದು ಕೇಳಿದ.

"ಸೊನ್ನೆ ಬರೀಬೇಡಿ," ಎಂದ ಮೇಸ್ತ್ರಿ.

ಅಲ್ಬರ್ಟೀನ್ ಒಲೆಗೆ ಬೆನ್ನು ಕೊಟ್ಟು ನಿಂತಳು. ನಾನು ನೆಲ ನೋಡಿದೆ. ಮುದುಕ ಸೇಡು ತೀರಿಸಿಕೊಂಡ ಎಂದುಕೊಂಡೆ, ಅವನ ಮೇಲೆ ಕೋಪವೂ ಬರಲಿಲ್ಲ.

"ಇಪ್ಪತ್ತು ಆಳು, ಹದಿನಾಲ್ಕು ಶನಿವಾರ. ಇನ್ನೂರ ಎಂಬತ್ತು ದಿನ. ಹಾಗೆ ಬರೀರಿ."

"ದಿನಕ್ಕೆ ಎಷ್ಟು?"

"ದಿನಕ್ಕೆ ಒಂದು ದಿನ. ದುಡ್ಡಲ್ಲಿ ತೀರಿಸೋ ಹಾಗಿಲ್ಲ. ದುಡ್ಡು ಕೊಟ್ರೆ ನಮ್ಮ ಆಳು ಬರಲ್ಲ."

ಗಿಟನ್ಸನಿಗೆ ಇದು ಹೊಸದು. ಪೆನ್ನು ಕೆಳಗಿಟ್ಟು, ಯಾರು ತೀರಿಸುತ್ತಾರೆ ಎಂದು ಕೇಳಿದ. ಅವನ ತಪ್ಪಿಲ್ಲ, ಒಂದು ಸಹಿಗೆ ಒಬ್ಬ ಮನುಷ್ಯ ಬೇಕಲ್ಲ. ಮೇಸ್ತ್ರಿ ಅಲ್ಬರ್ಟೀನಳ ಕಡೆ ಗದ್ದ ಎತ್ತಿದ. ಅವಳನ್ನೇ ಕೇಳಿ ಎಂದ.

"ನಾನು ತೀರಿಸ್ತೀನಿ," ಎಂದಳು ಅವಳು. "ನಾನೇ ಬರ್ತೀನಿ. ಬೇರೆಯೋರನ್ನ ಕಳಿಸಲ್ಲ."

"ಅಮ್ಮ, ಇನ್ನೂರ ಎಂಬತ್ತು ಶನಿವಾರ ಅಂದ್ರೆ ಐದು ವರ್ಷದ ಮೇಲಾಗತ್ತೆ," ಎಂದ ಗಿಟನ್ಸ್.

"ನನಗಿನ್ನೂ ಐವತ್ತೆಂಟು."

ಅವನು ನಕ್ಕುಬಿಟ್ಟ. ಆಮೇಲೆ ಮತ್ತೆ ಸರ್ವೇಯರಾದ. ಹೀಗೆ ಬರೆದರೆ ನಷ್ಟದ ಲೆಕ್ಕದಲ್ಲೂ ಕೂಲಿಯನ್ನು ತೆಗೆಯಬೇಕಾಗುತ್ತದೆ, ಸೂರಿನ ಕೆಲಸದಲ್ಲಿ ಕೂಲಿಯ ಪಾಲು ಕಡಿಮೆ, ಹಾಗಾಗಿ ಎಂಬತ್ತು ಇದ್ದದ್ದು ಅರವತ್ತೆರಡಕ್ಕೆ ಇಳಿಯುತ್ತದೆ, ಆದರೆ ಆ ಅರವತ್ತೆರಡರಲ್ಲಿ ಅರ್ಧ ಮುರಿಯುವ ಹಾಗಿಲ್ಲ ಎಂದ. ತೆಗೆಯಿರಿ ಎಂದೆ ನಾನು. ಅರವತ್ತೆರಡಕ್ಕೆ ಪೂರ್ತಿ ಸೂರಿನ ಸಾಮಾನು ಬರುತ್ತದೆ. ಕೂಲಿಯ ಸಾಲಿನಲ್ಲಿ ಅವನು "ಇನ್ನೂರ ಎಂಬತ್ತು ದಿನ, ದಿನಗಳಲ್ಲಿಯೇ ಹಿಂದಿರುಗಿಸತಕ್ಕದ್ದು" ಎಂದು ಬರೆದ. ಮೇಸ್ತ್ರಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ಅಲ್ಬರ್ಟೀನ್ ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ.

ಕಂಪನಿ ಮೂರು ತಿಂಗಳು ತೆಗೆದುಕೊಂಡಿತು. ನಡುವೆ ಮ್ಯಾನೇಜರು ಫೋನು ಮಾಡಿ, ಕೂಲಿಯ ಸಾಲಿನಲ್ಲಿ ಇದೇನು ಕವಿತೆ ಎಂದು ನನ್ನನ್ನು ಚೆನ್ನಾಗಿ ಹಿಂಡಿದ. ಇನ್ನು ಮುಂದೆ ಇಂಥದ್ದು ನಡೆಯುವುದಿಲ್ಲ ಎಂದೂ ಹೇಳಿದ. ನಾನು ಸರಿ ಎಂದೆ. ಅದು ನಿಜಕ್ಕೂ ಸರಿಯೇ. ಈಗ ನಾನು ಪಾಲಿಸಿ ಬರೆಯುವಾಗ ಬಿಲ್ಲುಗಳ ಜೊತೆಗೆ, ಎಷ್ಟು ಆಳು ಎಷ್ಟು ಶನಿವಾರ ಎಂದು ಕೇಳಿ ಅದನ್ನೂ ಪಟ್ಟಣದ ದರದಲ್ಲಿ ಸೇರಿಸುತ್ತೇನೆ. ಕಂತು ಹೆಚ್ಚಾಯಿತೆಂದು ಜನ ನನ್ನ ಮೇಲೆ ಮುಖ ಊದಿಸುತ್ತಾರೆ. ಗಿಟನ್ಸ್ ನಮ್ಮ ಪರ ಎರಡು ಪುಟ ಬರೆದಿದ್ದನೆಂದು ಆಮೇಲೆ ಗೊತ್ತಾಯಿತು. ಜನವರಿ ಕೊನೆಯಲ್ಲಿ ಚೆಕ್ಕು ಬಂತು, ಪೂರ್ತಿ ಮೊತ್ತಕ್ಕೆ. ನಾನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟೆ. ಅವಳು ಅದನ್ನು ಎರಡು ಸಲ ಓದಿದಳು. ಓದಿ, ಟಾರ್ಪಾಲಿನ ಕೆಳಗೆ ಕೂತು ಅತ್ತಳು. ನಾನೂ ಅತ್ತೆ.

ಫೆಬ್ರವರಿಯ ಮೊದಲ ಶನಿವಾರಕ್ಕೆ ಮುಯ್ಯಾಳು ಎಂದು ಗೊತ್ತಾಯಿತು. ಬೇಕರಿಯ ಸೂರು ಮೊದಲು ಏಳಲಿ, ಊರಿಗೆ ಬ್ರೆಡ್ಡು ಬೇಕು ಎಂದು ಎಲ್ಲರೂ ಹೇಳಿದರು. ಬೇಡ ಎಂದವಳು ಅಲ್ಬರ್ಟೀನ್. ಮೇಸ್ತ್ರಿಯ ಮನೆಯದ್ದು ಮೊದಲು ಎಂದಳು. ಮೇಸ್ತ್ರಿ ಬೇಡವೆನ್ನಲು ಬಾಯಿ ತೆರೆದ, ಅವಳು ಕೇಳಿಸಿಕೊಳ್ಳದೆ ಹೊರಟುಹೋದಳು.

ಆ ಶನಿವಾರ ಬೆಳಿಗ್ಗೆ ಆರಕ್ಕೆ ನಾನು ಹೋದಾಗ ಅವಳು ಆಗಲೇ ಬಂದಿದ್ದಳು. ತಲೆಗೆ ಬಟ್ಟೆ ಕಟ್ಟಿ, ಗಂಡನ ಹಳೆಯ ಬೂಟು ಹಾಕಿ, ತಗಡಿನ ಕಟ್ಟು ಬಿಚ್ಚುತ್ತಿದ್ದಳು. ಅಂಗಡಿಗೆ ಚಿಲಕ ಹಾಕಿ ಬಂದಿದ್ದಳು. ಹದಿನೆಂಟು ಜನ ಸೇರಿದೆವು. ಮೇಸ್ತ್ರಿ ಸೂರಿನ ಮೇಲೆ ಕೂತು ಒಬ್ಬೊಬ್ಬರಿಗೂ ಕೆಲಸ ಹಂಚಿದ. ಅವಳಿಗೆ ವಿಶೇಷವಾಗಿ ಏನೂ ಹೇಳಲಿಲ್ಲ, ಕೆಳಗಿನಿಂದ ತಗಡು ಕೊಡುವವರ ಸಾಲಿನಲ್ಲಿ ನಿಲ್ಲಿಸಿದ. ನನ್ನನ್ನೂ ಅಲ್ಲೇ ನಿಲ್ಲಿಸಿದ. ಹತ್ತು ಗಂಟೆಗೆ ನನ್ನ ಸೊಂಟ ಹೋಗಿತ್ತು, ಅವಳು ಮಾತ್ರ ಒಂದು ಸಲವೂ ಕೂರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಸಮುದ್ರದ ಕಡೆಯಿಂದ ಕಪ್ಪಗೆ ಮೋಡ ಬಂತು. ಆ ತಿಂಗಳಲ್ಲಿ ಬರಬಾರದ ಮಳೆ. ಮೇಲಿನಿಂದ ನೋಡಿದರೆ ಅವಳ ಮನೆ ನೇರ ಕಾಣುತ್ತಿತ್ತು. ಟಾರ್ಪಾಲಿನ ಒಂದು ಮೂಲೆ ಹಗ್ಗ ಕಿತ್ತುಕೊಂಡು ಪಟಪಟ ಬಡಿದುಕೊಳ್ಳುತ್ತಿತ್ತು. ಅದರ ಕೆಳಗೆ ಒಲೆ ಇತ್ತು, ಹೊಸದಾಗಿ ತಂದ ಹತ್ತು ಮೂಟೆ ಹಿಟ್ಟಿತ್ತು. ಎಲ್ಲರೂ ನೋಡಿದೆವು. ಅವಳೂ ನೋಡಿದಳು. ಇತ್ತ ಮೇಸ್ತ್ರಿಯ ಸೂರಿನಲ್ಲಿ ಇನ್ನೂ ನಾಲ್ಕು ಹಾಳೆ ಬಾಕಿ ಇತ್ತು, ಕೆಳಗೆ ಅವನ ಹಾಸಿಗೆ ಬಟ್ಟೆ ಎಲ್ಲ ಬಯಲಿಗೆ ಬಿದ್ದಿದ್ದವು.

ಮೊದಲ ಹನಿ ಬಿದ್ದಾಗ ಮೇಸ್ತ್ರಿ ಸೂರಿನ ಮೇಲಿಂದ ಬಗ್ಗಿ ನೋಡಿದ.

"ಅಲ್ಬರ್ಟೀನ್, ನಿನ್ನ ಹಿಟ್ಟು ನೆನೆಯತ್ತೆ. ಓಡು. ಇಲ್ಲಿ ನಾವು ನೋಡ್ಕೋತೀವಿ."

ಅವಳು ಇನ್ನೊಂದು ಹಾಳೆಗೆ ಕೈ ಹಾಕಿದಳು.

"ನನ್ನ ಶನಿವಾರ ಇನ್ನೂ ಮುಗಿದಿಲ್ಲ, ಮೇಸ್ತ್ರಿ," ಎಂದಳು.

ಮಳೆ ಜೋರಾಯಿತು. ಮೇಸ್ತ್ರಿ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ತಗಡಿನ ಈ ತುದಿಯನ್ನು ತಾನು ಹಿಡಿದ.

"ಸರಿ, ಹಾಗಾದ್ರೆ ಆ ತುದಿ ಗಟ್ಟಿಯಾಗಿ ಹಿಡ್ಕೋ," ಎಂದ.